ಜೈಂಟ್ ವೀಲಿನ ಮೇಲಿಂದ ಬಂದ ಕೂಗು

ಪುಟ್ಟಸ್ವಾಮಿ ಬಡಾಯಿಕೋರ. ಇದನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ; ಅವನ ಹೆಂಡತಿ ವಿಮಲಮ್ಮನೂ ಮೆತ್ತಗೆ ಹೇಳುತ್ತಿರಲಿಲ್ಲ. ಸುಳ್ಳುಗಾರ ಎಂದರೆ ತಪ್ಪಾದೀತು. ಸುಳ್ಳುಗಾರನಿಗೆ ಏನಾದರೊಂದು ಲಾಭ ಬೇಕಿರುತ್ತದೆ, ಪುಟ್ಟಸ್ವಾಮಿಗೆ ಬೇಕಿದ್ದದ್ದು ಎದುರಿಗಿರುವವರ ಕಿವಿ ಮಾತ್ರ. ಜಗತ್ತಿನಲ್ಲಿ ಎಲ್ಲಿ ಏನು ನಡೆದರೂ ಅದರ ನಡುಮಧ್ಯದಲ್ಲಿ ತಾನಿರದಿದ್ದರೆ ಅದು ಸರಿಯಾಗಿ ನಡೆದಿಲ್ಲವೆಂದೇ ಅವನ ಲೆಕ್ಕ.

ಅವನು ಜಾವಳಿಯಿಂದ ಮೂಡಿಗೆರೆಗೆ ಬಾಡಿಗೆ ಜೀಪು ಓಡಿಸುತ್ತಿದ್ದ. ಜೀಪಿನಲ್ಲಿ ಕುಳಿತವರು ನಡುದಾರಿಯಲ್ಲಿ ಇಳಿದು ಹೋಗುವಂತಿರಲಿಲ್ಲವಾದ್ದರಿಂದ ಅವನ ಕಥೆಗಳಿಗೆ ಕೇಳುಗರ ಬರವಿರಲಿಲ್ಲ. ಘಾಟಿಯಲ್ಲಿ ಬ್ರೇಕು ಹೋದ ಜೀಪನ್ನು ಅವನು ಬರೀ ಗೇರಿನ ಮೇಲೆ ಇಳಿಸಿದ್ದ, ಅದೂ ಒಂದು ಕೈಯಲ್ಲಿ ಟೀ ಲೋಟ ಹಿಡಿದುಕೊಂಡು. ಒಂಟಿ ಸಲಗವೊಂದು ಅವನ ಹಾರನ್ ಕೇಳಿ ರಸ್ತೆ ಬಿಟ್ಟು ನಿಂತು, ಜೀಪು ದಾಟುವವರೆಗೆ ಸೊಂಡಿಲು ಎತ್ತಿಕೊಂಡೇ ಇತ್ತು. ದಟ್ಟ ಮಂಜಿನಲ್ಲಿ ಅವನು ಕಣ್ಣು ಮುಚ್ಚಿಕೊಂಡು ಓಡಿಸುತ್ತಿದ್ದ. ಹೇಗೂ ಏನೂ ಕಾಣುವುದಿಲ್ಲ, ತೆರೆದಿಟ್ಟು ಕಣ್ಣನ್ನು ದಣಿಸುವುದೇಕೆ ಎಂಬುದು ಅವನ ವಾದ.

ಇಂಥವನಿಗೂ ಇಬ್ಬರು ಸ್ನೇಹಿತರಿದ್ದರು. ಒಬ್ಬ ಶಾಕಿರ್, ಮೂಡಿಗೆರೆಯಲ್ಲಿ ಗ್ಯಾರೇಜು ಇಟ್ಟವನು. ಪುಟ್ಟಸ್ವಾಮಿಯ ಜೀಪನ್ನೂ ಕಥೆಗಳನ್ನೂ ಒಂದೇ ಬಗೆಯ ತಾಳ್ಮೆಯಿಂದ ನೋಡುತ್ತಿದ್ದ. ಕಥೆ ಮುಗಿದ ಮೇಲೆ ಜೀಪಿನ ಅಡಿಯಿಂದಲೇ, ಇದಕ್ಕೆ ಗ್ರೀಸು ಸ್ವಲ್ಪ ಜಾಸ್ತಿಯಾಯಿತು ಎಂದು ತೀರ್ಪು ಕೊಡುತ್ತಿದ್ದ. ಇನ್ನೊಬ್ಬ ಬೊಮ್ಮಯ್ಯ. ಅವನು ಜಾವಳಿಯ ಬಳಿಯ ಎಸ್ಟೇಟೊಂದರಲ್ಲಿ ಮರಗಸಿಯವನು. ಕಾಫಿ ಗಿಡಗಳ ಮೇಲೆ ನೆರಳು ಹೆಚ್ಚಾದಾಗ ಮರ ಹತ್ತಿ ಕೊಂಬೆ ಕಡಿದು ಬೆಳಕು ಇಳಿಸುವ ಕೆಲಸಕ್ಕೆ ಮರಗಸಿ ಎನ್ನುತ್ತಾರೆ. ಒಂಟಿ ಬಿದಿರಿನ ಏಣಿ, ಸೊಂಟದಲ್ಲೊಂದು ಕತ್ತಿ, ಉಳಿದದ್ದೆಲ್ಲ ಅಂಗಾಲು. ಬೊಮ್ಮಯ್ಯ ಸಿಲ್ವರ್ ಓಕ್ ಮರದ ನೆತ್ತಿಯಲ್ಲಿ ನಿಂತು, ಉಳಿದವರು ಬಸ್ ನಿಲ್ದಾಣದಲ್ಲಿ ನಿಂತ ಹಾಗೆ, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಮಾತು ಕಡಿಮೆ. ಪುಟ್ಟಸ್ವಾಮಿಯ ಜೊತೆಗಿರುವವನಿಗೆ ಅದು ಅನುಕೂಲವೇ.

ಮರಗಸಿಯಲ್ಲಿ ಒಂದು ಕೂಗು ಇದೆ. ಮೇಲಿನವನು ಕೊಂಬೆಗೆ ಕೊನೆಯ ಏಟು ಹಾಕುವ ಮುನ್ನ, "ಅಡಿ ಬಿಡ್ರೋ, ಬಂತೂ" ಎಂದು ಎಳೆದು ಕೂಗಬೇಕು. ಕೇಳಿದವರು ತಲೆಯೆತ್ತಿ ನೋಡಬಾರದು, ಯಾರು ಏನು ಎಂದು ವಿಚಾರಿಸಬಾರದು. ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಬೇಕು. ನೋಡಿ ಓಡುತ್ತೇನೆ ಎಂದವರ ಗತಿಯನ್ನು ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆ ಅಕ್ಷರಾಭ್ಯಾಸಕ್ಕೂ ಮೊದಲೇ ಹೇಳಿಕೊಟ್ಟಿರುತ್ತಾರೆ. ಜೊತೆಗೆ ಒಂದು ಕಟ್ಟಳೆಯೂ ಇತ್ತು. ಏನೂ ಬೀಳದಿರುವಾಗ ಸುಳ್ಳೇ ಕೂಗಿದವನನ್ನು ಮತ್ತೆ ಮರ ಹತ್ತಿಸುವುದಿಲ್ಲ. ಒಮ್ಮೆ ಸುಳ್ಳೇ ಓಡಿದವರು ಮುಂದಿನ ಸಲ ತಲೆಯೆತ್ತಿ ನೋಡುತ್ತಾರೆ ಎಂಬುದೇ ಅದಕ್ಕೆ ಕಾರಣ.

ತೊಂಬತ್ತೆಂಟರ ಬೇಸಿಗೆಯಲ್ಲಿ, ಕಾಫಿ ಕೊಯ್ಲು ಮುಗಿದು ಜನರ ಕೈ ಬಿಡುವಾದ ಹೊತ್ತಿಗೆ, ಮೂಡಿಗೆರೆಯ ಬಯಲಿನಲ್ಲಿ ಎಕ್ಸಿಬಿಷನ್ ಬಂತು. ಅಲ್ಲಿ ಪ್ರದರ್ಶನಕ್ಕೆ ಇಡುವಂಥದ್ದೇನೂ ಇರಲಿಲ್ಲ. ತಟ್ಟೆಯಗಲದ ಹಪ್ಪಳ, ಕೆಂಪು ಬಣ್ಣದ ಗೋಬಿ ಮಂಚೂರಿ, ರಿಂಗ್ ಎಸೆಯುವ ಅಂಗಡಿ, ನೀರಿನ ತೊಟ್ಟಿಯಲ್ಲಿ ತೇಲುವ ಪ್ಲಾಸ್ಟಿಕ್ ಬಾತುಕೋಳಿಗಳನ್ನು ಕೊಕ್ಕೆಯಿಂದ ಎತ್ತುವ ಆಟ, ಒಂದು ಡೇರೆಯೊಳಗೆ ಮುಖ ಹೆಣ್ಣಿನದು ಮೈ ಹಾವಿನದು ಎಂದು ಮೈಕಿನಲ್ಲಿ ಸಾರುತ್ತಿದ್ದ ನಾಗಕನ್ಯೆ. ಎಲ್ಲದರ ನಡುವೆ ಬಣ್ಣದ ದೀಪ ಹೊದ್ದು ತಿರುಗುವ ಜೈಂಟ್ ವೀಲ್.

ಭಾನುವಾರ ಸಂಜೆ ಮೂವರೂ ಹೋದರು. ಬೊಮ್ಮಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದ. ಮರುದಿನ ಅವನ ಪಾಲಿಗೆ ದೊಡ್ಡ ದಿನ. ಎಸ್ಟೇಟಿನ ಲೆಕ್ಕ, ಹಾಜರಿ ನೋಡುವ ರೈಟರ್ ಮಂಜಯ್ಯನವರು ಆ ವರ್ಷದ ಮರಗಸಿ ಗ್ಯಾಂಗಿಗೆ ಮೇಸ್ತ್ರಿ ಯಾರೆಂದು ಸೋಮವಾರ ಬೆಳಿಗ್ಗೆ ಹೇಳುವವರಿದ್ದರು. ಬೊಮ್ಮಯ್ಯ ಆ ಹೆಸರಿಗಾಗಿ ಹಲವು ವರ್ಷಗಳಿಂದ ಬಾಯಿಬಿಟ್ಟು ಕೇಳದೆ ಕಾದಿದ್ದ. ಆ ಸಂಜೆ ಮಂಜಯ್ಯನವರೂ ಬಿಳಿ ಶರಟು ತೊಟ್ಟು, ಹೆಂಡತಿ ಕೃಷ್ಣಮ್ಮನವರೊಂದಿಗೆ ಎಕ್ಸಿಬಿಷನ್ನಿಗೆ ಬಂದಿದ್ದರು. ಬೊಮ್ಮಯ್ಯ ಅವರನ್ನು ಕಂಡಾಗಲೆಲ್ಲ ಮರ್ಯಾದೆಗೆಂದು ಮೇಲೆ ಕಟ್ಟಿದ ಪಂಚೆಯ ಮಡಿಕೆ ಬಿಟ್ಟು ನಿಲ್ಲುತ್ತಿದ್ದ. ಮೂರನೆಯ ಸಲ ಮಡಿಕೆ ಬಿಟ್ಟಾಗ ಶಾಕಿರ್, ನೀನು ಇಳಿಬಿಟ್ಟೇ ಇರು, ಕೈನೋವು ತಪ್ಪುತ್ತದೆ ಎಂದ.

ಪುಟ್ಟಸ್ವಾಮಿ ರಿಂಗ್ ಎಸೆಯುವಲ್ಲಿ ಸೋಪಿನ ಡಬ್ಬಿಯೊಂದನ್ನು ಗೆದ್ದ. ಗುರಿ ಇಟ್ಟದ್ದು ಗೋಡೆ ಗಡಿಯಾರಕ್ಕೆ, ರಿಂಗು ಬಿದ್ದದ್ದು ಎರಡು ಸಾಲಿನಾಚೆ. ಆದರೂ ಗಡಿಯಾರ ಮನೆಯಲ್ಲಿದೆ, ಬೇಕಿದ್ದದ್ದೇ ಡಬ್ಬಿ ಎಂದ. ಆ ಉತ್ಸಾಹದಲ್ಲಿ ಜೈಂಟ್ ವೀಲಿನ ಮುಂದೆ ನಿಂತು, ಮೈಸೂರಿನಲ್ಲಿ ಇದರ ಮೂರರಷ್ಟು ಎತ್ತರದ್ದನ್ನು ತಾನು ಹತ್ತಿದ್ದನ್ನೂ, ಕೂರುವುದು ಬೇಸರವಾಗಿ ನಿಂತುಕೊಂಡೇ ಸುತ್ತಿದ್ದನ್ನೂ, ತುದಿಗೆ ಹೋದಾಗ ಬೀಡಿ ಹಚ್ಚಿದ್ದನ್ನೂ ವಿವರಿಸಿದ. ಅವನು ಮೈಸೂರಿಗೆ ಹೋಗಿದ್ದು ನಿಜ. ಜೈಂಟ್ ವೀಲನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ.

ಶಾಕಿರ್ ಸುಮ್ಮನೆ ಹೋಗಿ ಎರಡು ಟಿಕೆಟ್ ತಂದ.

"ಹತ್ತು ಮಾರಾಯ. ನಿಂತುಕೊಂಡೇ ಸುತ್ತು. ಬೀಡಿ ನಾನು ಕೊಡ್ತೇನೆ."

ಎರಡನೆಯದು ಯಾರಿಗೆ ಎಂದು ಪುಟ್ಟಸ್ವಾಮಿ ಕೇಳಿದ. ತನಗಂತೂ ಅಲ್ಲ, ವರ್ಷವಿಡೀ ಜೀಪಿನ ಅಡಿಯಲ್ಲಿ ಮಲಗುವವನು ನೆಲ ಬಿಟ್ಟು ಏಳುವುದಿಲ್ಲ ಎಂದು ಶಾಕಿರ್ ಕೈ ಝಾಡಿಸಿದ. ಆಗ ಪುಟ್ಟಸ್ವಾಮಿಗೆ ಹೊಳೆಯಿತು. ಬೊಮ್ಮಯ್ಯ ಪಕ್ಕದಲ್ಲಿದ್ದರೆ ಭಯವಿಲ್ಲ; ಕಣ್ಣು ಮುಚ್ಚಿ ಅವನ ತೋಳು ಹಿಡಿದುಕೊಂಡರೆ ಸಾಕು. ಬೊಮ್ಮಯ್ಯ ಒಲ್ಲೆನೆಂದ. ಆದರೆ ಬಾತುಕೋಳಿಯ ತೊಟ್ಟಿಯ ಬಳಿ ನಿಂತಿದ್ದ ಮಂಜಯ್ಯನವರು ಇದನ್ನೆಲ್ಲ ಕೇಳಿಸಿಕೊಂಡು ನಕ್ಕರು. "ಹೋಗ್ ಬಾರೋ ಬೊಮ್ಮಯ್ಯ, ನಿಂಗೆಂತ, ಮನೆ ಜಗಲಿ ಹತ್ತಿದ ಹಾಗೆ." ಮೇಸ್ತ್ರಿಯಾಗಬೇಕಾದವನು ಆ ಮಾತಿನ ಮೇಲೆ ಇನ್ನೇನು ಮಾಡಲಾದೀತು? ಚಪ್ಪಲಿಯನ್ನು ಶಾಕಿರನ ಬಳಿ ಬಿಟ್ಟು ಹತ್ತಿದ.

ಮೊದಲ ಸುತ್ತಿನಲ್ಲಿ ಪುಟ್ಟಸ್ವಾಮಿ ಕಣ್ಣು ಮುಚ್ಚಿದ್ದ. ಎರಡನೆಯ ಸುತ್ತಿನಲ್ಲಿ ಬೊಮ್ಮಯ್ಯನ ತೋಳು ನಡುಗುತ್ತಿರುವುದು ಅವನ ಅರಿವಿಗೆ ಬಂತು. ತನ್ನದೇ ನಡುಕ ಇರಬೇಕೆಂದುಕೊಂಡು ಪರೀಕ್ಷಿಸಲು ಕೈ ಬಿಟ್ಟ. ಅಲ್ಲ, ಬೇರೆಯದೇ.

ತೊಟ್ಟಿಲು ತುದಿಗೆ ಬಂದಾಗ ಕೆಳಗೆಲ್ಲೋ ಡೀಸೆಲ್ ಜನರೇಟರು ನಾಲ್ಕು ಸಲ ಕೆಮ್ಮಿ ನಿಂತುಬಿಟ್ಟಿತು. ದೀಪಗಳು ಆರಿದವು, ಮೈಕಿನಲ್ಲಿ ನಾಗಕನ್ಯೆಯ ವರ್ಣನೆ ಅರ್ಧಕ್ಕೆ ತುಂಡಾಯಿತು, ಚಕ್ರ ನಿಂತಿತು. ಎಕ್ಸಿಬಿಷನ್ನಿನವರು ಮೆಕ್ಯಾನಿಕ್ ಯಾರಾದರೂ ಇದ್ದೀರಾ ಎಂದು ಕೂಗಿದ್ದು ಕೇಳಿಸಿತು. ಶಾಕಿರ್ ಅತ್ತ ಹೋದ. ತೊಟ್ಟಿಲು ಮಾತ್ರ ಕತ್ತಲೆಯಲ್ಲಿ ಕಿರ್ ಎನ್ನುತ್ತ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು.

"ಇಳೀತೇನೆ," ಎಂದ ಬೊಮ್ಮಯ್ಯ.

"ಎಲ್ಲಿ?"

"ಕೆಳಗೆ. ಮರ ಅಲ್ಲಾಡಿದ್ರೆ ಎತ್ಲಾಗೆ ಅಂತ ಕಾಲಿಗೆ ಗೊತ್ತಾಗ್ತದೆ. ಇದಕ್ಕೆ ಬೇರು ಅನ್ನೋದೇ ಇಲ್ಲ ಮಾರಾಯ."

ಮರದ ಮೇಲೆ ಸಿಕ್ಕಿಕೊಂಡವನು ಯಾರಿಗೂ ಕಾಯುವುದಿಲ್ಲ, ತಾನೇ ಇಳಿದು ಬರುತ್ತಾನೆ. ಬೊಮ್ಮಯ್ಯನ ಮೈಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅವನು ತೊಟ್ಟಿಲಿನ ಅಡ್ಡ ಸರಳನ್ನು ಎತ್ತಿ, ಒಂದು ಕಾಲನ್ನು ಹೊರಗಿಟ್ಟು, ಚಕ್ರದ ಕಬ್ಬಿಣದ ತೋಳನ್ನು ಕೊಂಬೆಯೆಂದು ಭಾವಿಸಿ ತಡವತೊಡಗಿದ. ಮೇಲಿಂದ ಏನೇ ಕೆಳಗೆ ಬರುವುದಿದ್ದರೂ ಮೊದಲು ಕೂಗಬೇಕೆಂಬುದು ಅವನ ರಕ್ತದಲ್ಲಿಯೇ ಇತ್ತು. ಈಗ ಬರುವುದು ತಾನೇ ಎಂಬುದರಿಂದ ಆ ನಿಯಮವೇನೂ ಬದಲಾಗಲಿಲ್ಲ. ಎದೆ ತುಂಬ ಉಸಿರೆಳೆದು ಕೂಗಿದ.

"ಅಡಿ ಬಿಡ್ರೋ... ಬಂತೂ..."

ಬೇರೆ ಯಾವ ಊರಿನಲ್ಲಾದರೂ ಜನ ತಲೆಯೆತ್ತಿ ನೋಡುತ್ತಿದ್ದರು. ಇದು ಮೂಡಿಗೆರೆ. ಬಯಲಿನಲ್ಲಿದ್ದವರೆಲ್ಲ ತೋಟದಲ್ಲಿ ಹುಟ್ಟಿದವರು, ತೋಟದಲ್ಲಿ ದುಡಿಯುವವರು ಅಥವಾ ತೋಟದ ಒಡೆಯರು. ಒಬ್ಬನೇ ಒಬ್ಬ ಮೇಲೆ ನೋಡಲಿಲ್ಲ. ಕತ್ತಲೆಯಲ್ಲಿ ಇಡೀ ಎಕ್ಸಿಬಿಷನ್ ಎದ್ದು ಓಡಿತು. ಹಪ್ಪಳದ ರಾಶಿಯ ಮೇಲೆ ಜನ ಹಾದುಹೋದ ಸದ್ದು ತುದಿಯವರೆಗೂ ಕೇಳಿಸಿತು. ಪ್ಲಾಂಟರೊಬ್ಬರು ಹೆಂಡತಿಯ ಕೈ ಹಿಡಿದು ರಸ್ತೆಯವರೆಗೆ ಓಡಿ, ಅಲ್ಲಿ ಟಾರ್ಚು ಹಾಕಿ ನೋಡಿದರೆ ಅದು ಗೋಬಿ ಮಂಚೂರಿಯವನ ಕೈ. ಅವನ ಇನ್ನೊಂದು ಕೈಯಲ್ಲಿ ಜಾಲರಿ ಸೌಟು ಹಾಗೆಯೇ ಇತ್ತು. ಡೇರೆಯ ಪರದೆ ಹರಿದುಕೊಂಡು ನಾಗಕನ್ಯೆಯೂ ಎರಡು ಕಾಲುಗಳ ಮೇಲೆ ಓಡಿಬಂದಳು. ಅವಳು ಪಾತಾಳದವಳಲ್ಲ, ಅತ್ತಿಗುಂಡಿಯ ಲೈನ್ ಮನೆಯವಳು ಎಂಬುದು ಹೀಗೆ ಬಯಲಾಯಿತು. ಮಂಜಯ್ಯನವರು ಓಡಲು ತಿರುಗಿದವರೇ ಬಾತುಕೋಳಿಯ ತೊಟ್ಟಿಯೊಳಗೆ ಕುಳಿತುಬಿಟ್ಟರು.

ಮೇಲೆ ಪುಟ್ಟಸ್ವಾಮಿ ಎರಡೂ ತೋಳುಗಳಿಂದ ಬೊಮ್ಮಯ್ಯನ ಸೊಂಟವನ್ನು ತಬ್ಬಿ ಹಿಡಿದಿದ್ದ. ಪಂಚೆ ಅವನ ಕೈಗೆ ಬರತೊಡಗಿದಾಗ ಅದನ್ನು ಬಿಟ್ಟು ಉಡಿದಾರಕ್ಕೆ ಬೆರಳು ಸಿಕ್ಕಿಸಿದ. ಅವನಿಗೆ ಅಳು ಬರುತ್ತಿತ್ತು, ಆದರೆ ಬಾಯಿ ತೆರೆದಾಗ ಬಂದದ್ದು ಅಭ್ಯಾಸಬಲದಿಂದ ಕಥೆ. ಒಮ್ಮೆ ಮಲ್ಲಂದೂರಿನ ಹತ್ತಿರ ತನ್ನ ಜೀಪು ಮರದ ಮೇಲೆ ನಿಂತುಬಿಟ್ಟಿತ್ತು ಎಂದು ಶುರುಮಾಡಿದ. ಬೊಮ್ಮಯ್ಯ ಒಂದು ಕ್ಷಣ ತಡವುವುದನ್ನು ನಿಲ್ಲಿಸಿದ.

"ಮರದ ಮೇಲಾ?"

"ಕೊಂಬೆ ಮೇಲೆ. ನಾಲ್ಕೂ ಚಕ್ರ."

"ಯಾವ ಮರ?"

"ಹಾಲುವಾಣ."

ಇದು ಬೊಮ್ಮಯ್ಯನಿಗೆ ಸಹಿಸಲಾಗದೆ ಹೋಯಿತು. ಹಾಲುವಾಣದ ಕೊಂಬೆ ಒಂದು ಮಂಗ ಕುಳಿತರೆ ಮುರಿಯುತ್ತದೆ, ಅದರ ಮೇಲೆ ಜೀಪು ಹೇಗೆ ನಿಲ್ಲುತ್ತದೆ ಎಂದು ಕೇಳಿದ. ಹಾಗಾದರೆ ಅತ್ತಿ ಇರಬೇಕು ಎಂದ ಪುಟ್ಟಸ್ವಾಮಿ. ಅತ್ತಿಯ ಕೊಂಬೆ ಯಾವ ಎತ್ತರದಲ್ಲಿ ಶುರುವಾಗುತ್ತದೆ, ಎಷ್ಟು ಅಗಲವಿರುತ್ತದೆ, ಜೀಪಿನ ಎರಡು ಚಕ್ರಗಳ ನಡುವೆ ಎಷ್ಟು ಅಂತರ ಎಂದು ಬೊಮ್ಮಯ್ಯ ಸಿಟ್ಟಿನಿಂದ ಬಿಡಿಸಿ ಹೇಳತೊಡಗಿದ. ಹೇಳುವಾಗ ಕೈಯಲ್ಲಿ ಅಳತೆ ತೋರಿಸಬೇಕಿತ್ತು, ಅದಕ್ಕಾಗಿ ಕಬ್ಬಿಣವನ್ನು ಬಿಟ್ಟ, ಕಾಲನ್ನು ಒಳಗೆಳೆದುಕೊಂಡ, ಕುಳಿತ. ಪುಟ್ಟಸ್ವಾಮಿ ಉಡಿದಾರ ಬಿಡಲಿಲ್ಲ, ಕಥೆಯನ್ನೂ ಬಿಡಲಿಲ್ಲ. ಶಾಕಿರ್ ಜನರೇಟರನ್ನು ಎಬ್ಬಿಸುವ ಹೊತ್ತಿಗೆ ಜೀಪು ಅತ್ತಿಯಿಂದ ನಂದಿ ಮರಕ್ಕೆ ಹಾರಿತ್ತು, ಬೊಮ್ಮಯ್ಯ ಥೂ ಎಂದು ಮುಖ ತಿರುಗಿಸಿದ್ದ.

ಕೆಳಗಿಳಿದಾಗ ಅವರನ್ನು ಎದುರುಗೊಂಡವರು ಯಾರೂ ಇರಲಿಲ್ಲ. ಜನ ತಮ್ಮ ತಮ್ಮ ಮಕ್ಕಳನ್ನೂ ಚಪ್ಪಲಿಗಳನ್ನೂ ಹುಡುಕುತ್ತಿದ್ದರು. ಶಾಕಿರ್ ಗ್ರೀಸು ಮೆತ್ತಿದ ಕೈಯಲ್ಲಿ ಬೊಮ್ಮಯ್ಯನ ಚಪ್ಪಲಿ ಕೊಟ್ಟು, ರೈಟರು ಒದ್ದೆಯಾಗಿ ಮನೆಗೆ ಹೋದರೆಂದೂ, ಹೋಗುವಾಗ ಆಡಿದ ಮಾತು ಚೆನ್ನಾಗಿರಲಿಲ್ಲವೆಂದೂ ತಿಳಿಸಿದ. ಆ ಕೂಗು ಕೂಗಿದವನು ಯಾರೆಂದು ನಾಳೆ ವಿಚಾರಿಸುತ್ತೇನೆ, ತನ್ನ ಎಸ್ಟೇಟಿನವನಾಗಿದ್ದರೆ ಮೇಸ್ತ್ರಿಯಾಗುವುದಿರಲಿ, ಇನ್ನು ಏಣಿ ಮುಟ್ಟಲೂ ಬಿಡುವುದಿಲ್ಲ ಎಂದಿದ್ದರಂತೆ. ತುದಿಯ ತೊಟ್ಟಿಲಿನಲ್ಲಿ ಇದ್ದವರು ಇಬ್ಬರೇ ಎಂಬುದು ಅವರಿಗೆ ಗೊತ್ತಿತ್ತು, ಹತ್ತಿಸಿದವರೇ ಅವರು.

ಜೀಪು ಜಾವಳಿಗೆ ಹಿಂದಿರುಗಿತು. ಬೊಮ್ಮಯ್ಯ ಲೈನಿನ ಬಳಿ ಇಳಿದು, ಜೀಪಿನ ಬಾಗಿಲನ್ನು ಮೆಲ್ಲಗೆ ಹಾಕಿ ಹೊರಟುಹೋದ.

ಪುಟ್ಟಸ್ವಾಮಿಯ ತಲೆಯಲ್ಲಿ ಬೇರೆಯದೇ ನಡೆದಿತ್ತು. ಬದುಕಿನಲ್ಲಿ ಮೊದಲ ಸಲ ಅವನ ಬಳಿ ನಿಜವಾದ ಕಥೆಯಿತ್ತು. ಕತ್ತಲು, ಎತ್ತರ, ಹೊರಗೆ ಕಾಲಿಟ್ಟ ಮನುಷ್ಯ, ಅವನನ್ನು ಎರಡೇ ಬೆರಳಿನಲ್ಲಿ ಹಿಡಿದುಳಿಸಿದ ತಾನು. ಒಂದು ಹನಿ ಗ್ರೀಸೂ ಬೇಕಿರಲಿಲ್ಲ. ಮನೆಗೆ ಬಂದವನು ಕೈ ತೊಳೆಯದೆ, ನಾಳೆ ಒಂದು ಸಂಗತಿ ಹೇಳುತ್ತೇನೆ, ಈ ಸಲ ಒಂದಕ್ಷರವನ್ನೂ ಸೇರಿಸುವುದಿಲ್ಲ ಎಂದು ಹೆಂಡತಿಗೆ ಮುನ್ಸೂಚನೆ ಕೊಟ್ಟ.

"ಹಾಗಾದ್ರೆ ನಿಮಗೆ ಹೇಳಕ್ಕೇ ಬರಲ್ಲ," ಎಂದಳು ವಿಮಲಮ್ಮ, ಸೋಪಿನ ಡಬ್ಬಿಯನ್ನು ತಿರುಗಿಸಿ ನೋಡುತ್ತ. ಅದಕ್ಕೆ ಮುಚ್ಚಳವಿರಲಿಲ್ಲ.

ಬೆಳಿಗ್ಗೆ ಜಾವಳಿಯ ಟೀ ಹೋಟೆಲಿನ ಮುಂದೆ ಮರಗಸಿಯವರೆಲ್ಲ ಕತ್ತಿ ಏಣಿಗಳೊಂದಿಗೆ ಸೇರಿದ್ದರು. ಶಾಕಿರ್ ಎಸ್ಟೇಟಿನ ಪಂಪ್ ರಿಪೇರಿಗೆಂದು ಬಂದು ಬೆಂಚಿನ ತುದಿಯಲ್ಲಿ ಕುಳಿತಿದ್ದ. ಬೊಮ್ಮಯ್ಯ ಗೋಡೆಗೊರಗಿ ಟೀ ಲೋಟದೊಳಗೆ ನೋಡುತ್ತಿದ್ದ. ಮಂಜಯ್ಯನವರು ಬಂದವರು ಕೂರಲಿಲ್ಲ. ನಿನ್ನೆ ತುದಿಯಲ್ಲಿದ್ದವರು ನೀವಿಬ್ಬರು, ಕೂಗಿದ್ದು ಯಾರು ಎಂದು ನೇರ ಕೇಳಿದರು. ಕೇಳಿದ್ದು ಇಬ್ಬರನ್ನು, ನೋಡಿದ್ದು ಬೊಮ್ಮಯ್ಯನನ್ನು.

ಬೊಮ್ಮಯ್ಯ ಲೋಟ ಕೆಳಗಿಟ್ಟು ಬಾಯಿ ತೆರೆದ.

ಪುಟ್ಟಸ್ವಾಮಿ ಸುತ್ತ ನೋಡಿದ. ಇಷ್ಟು ಕಿವಿಗಳು ಒಟ್ಟಿಗೆ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಹಜಾಮತಿ ಅರ್ಧವಾದವನೊಬ್ಬ ಪಕ್ಕದ ಅಂಗಡಿಯಿಂದ ಟವೆಲ್ಲಿನ ಸಮೇತ ಬಂದು ನಿಂತಿದ್ದ.

"ನಾನು ರೈಟ್ರೇ," ಎಂದ ಪುಟ್ಟಸ್ವಾಮಿ. "ಕೂಗಿದ್ದು ನಾನು."

ಮಂಜಯ್ಯನವರು ನಂಬಲಿಲ್ಲ. "ಒಂದು ಪೇರಳೆ ಮರಾನೂ ಹತ್ತಿದವನಲ್ಲ ನೀನು. ನಿಂಗೆ ಆ ಕೂಗು ಎಲ್ಲಿಂದ ಬಂತು?"

ಹೆದರಿಕೆಯಿಂದ ಬಂತು ಎಂದ. ಸತ್ತೇಹೋದೆ ಅನ್ನಿಸಿದಾಗ ಬಾಯಿಗೆ ಬಂದದ್ದು ಅದೇ ಎಂದ. ಮೈಸೂರಿನಲ್ಲಿ ನಿಂತುಕೊಂಡು ಸುತ್ತಿದವನಿಗೆ ಹೆದರಿಕೆಯೇ ಎಂದು ಯಾರೋ ಕೇಳಿದರು. ಮೈಸೂರಿನಲ್ಲಿ ಹತ್ತಿಯೇ ಇಲ್ಲ ಎಂದು ಪುಟ್ಟಸ್ವಾಮಿ ಹೇಳಿದಾಗ ಹೋಟೆಲಿನೊಳಗೆ ಲೋಟ ತೊಳೆಯುವ ಸದ್ದು ಕೂಡ ನಿಂತಿತು.

"ಹಾಗಾದ್ರೆ ಕೂಗು ನೋಡಣ," ಎಂದರು ಮಂಜಯ್ಯನವರು. "ಹೇಗೆ ಕೂಗಿದೆಯೋ ಹಾಗೇ."

ಪುಟ್ಟಸ್ವಾಮಿ ಬೆಂಚಿನ ಮೇಲೆ ಹತ್ತಿ ನಿಂತ. ಇನ್ನು ಮೇಲೆ ತನ್ನ ಜೀಪು ಕಂಡಲ್ಲೆಲ್ಲ ಮಕ್ಕಳು ಇದನ್ನೇ ಕೂಗುತ್ತಾರೆಂದು ಅವನಿಗೆ ಗೊತ್ತಿತ್ತು. ಘಾಟಿಯ ಕಥೆ, ಸಲಗದ ಕಥೆ ಇನ್ನು ಯಾರ ಮುಂದೆಯೂ ನಡೆಯುವುದಿಲ್ಲವೆಂದೂ ಗೊತ್ತಿತ್ತು. ಕಣ್ಣು ಮುಚ್ಚಿ ಕೂಗಿದ. ಕೂಗು ನಡುವಿನಲ್ಲಿ ಸೀಳಿ, ಕುಕ್ಕೆಯಡಿ ಸಿಕ್ಕಿಕೊಂಡ ಹುಂಜದ ಸ್ವರವಾಗಿ ಕೊನೆಗೊಂಡಿತು. ರಸ್ತೆಯಲ್ಲಿ ಸೌದೆ ಹೊತ್ತು ಬರುತ್ತಿದ್ದ ಮುದುಕಿ ಕಲ್ಲಮ್ಮ ಮಾತ್ರ ಹೊರೆಯನ್ನು ಅಲ್ಲೇ ಒಗೆದು, ಮೇಲೆ ನೋಡದೆ, ಚರಂಡಿ ದಾಟಿ ಓಡಿದಳು. ಉಳಿದವರೆಲ್ಲ ನಕ್ಕರು. ಮಂಜಯ್ಯನವರೂ ತಡೆದುಕೊಂಡು ತಡೆದುಕೊಂಡು ಕೊನೆಗೆ ನಕ್ಕರು. ಪುಟ್ಟಸ್ವಾಮಿಯ ಬಾಯಿಂದ ಬಂದ ಮಾತನ್ನು ಜಾವಳಿ ಪೂರ್ತಿಯಾಗಿ ನಂಬಿದ್ದು ಅದೇ ಮೊದಲು.

ಶಾಕಿರ್ ಸ್ಪ್ಯಾನರನ್ನು ಒರೆಸುತ್ತ ಕುಳಿತಿದ್ದ. ಗ್ರೀಸಿನ ಮಾತು ಎತ್ತಲಿಲ್ಲ.

ಮಂಜಯ್ಯನವರು ಕಣ್ಣೊರೆಸಿಕೊಂಡು, ಗೋಡೆಗೊರಗಿದ್ದ ಬೊಮ್ಮಯ್ಯನ ಕಡೆ ತಿರುಗಿ, "ಅಷ್ಟು ಹೊತ್ತು ಇವನೆಂತ ಮಾಡ್ತಿದ್ದ?" ಎಂದು ಕೇಳಿದರು.

ಪುಟ್ಟಸ್ವಾಮಿ ಬೆಂಚಿನಿಂದ ಇಳಿದು, ಆರಿಹೋದ ತನ್ನ ಟೀಯನ್ನು ಎತ್ತಿಕೊಂಡ.

"ನನ್ನ ಸೊಂಟ ಹಿಡ್ಕೊಂಡು ಕೂತಿದ್ದ ರೈಟ್ರೇ. ಬಿಟ್ಟಿದ್ರೆ ನಾನು ಇಳ್ದೇ ಬಿಡ್ತಿದ್ದೆ."